ಬೆಂಕಿಯ ಮೇಲೆ ಮನೆ ಕಟ್ಟಿದವರು

ನಮ್ಮ ಪಟ್ಟಣಗಳ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆಯನ್ನು ಮೂಲೆಗೆ ಸರಿಸಿ ಗೋಡೆಯೇರಿ ಕುಳಿತಿರುವ ‘ಗೀಸರ್’ ಎಂಬ ಉಪಕರಣವನ್ನು ಅರಿಯದ ಗೃಹಿಣಿ ಇರಲಾರಳು. ಗುಂಡಿಯೊತ್ತಿದೊಡನೆ ಬಿಸಿನೀರನ್ನು ಒದಗಿಸುವ ಈ ಯಂತ್ರಕ್ಕೆ ಆ ಹೆಸರು ಎಲ್ಲಿಂದ ಬಂತೆಂದು ವಿಚಾರಿಸಿದವರು ಮಾತ್ರ ವಿರಳ. ಅಟ್ಲಾಂಟಿಕ್ ಮಹಾಸಾಗರದ ಬಡಗಣ ಅಂಚಿನಲ್ಲಿ, ಉತ್ತರಧ್ರುವ ವೃತ್ತಕ್ಕೆ ತಾಗಿದಂತಿರುವ ಒಂದು ದ್ವೀಪದಲ್ಲಿ ನೂರಾರು ವರ್ಷಗಳಿಂದ ಪ್ರಸಿದ್ಧವಾಗಿರುವ ಒಂದು ಬಿಸಿನೀರಿನ ಬುಗ್ಗೆಯ ಹೆಸರು ಅದು. ಅಲ್ಲಿನ ಜನ ಆ ಬುಗ್ಗೆಯನ್ನು ‘ಗೇಸಿರ್’ ಎಂದು ಕರೆದರು. ಉಕ್ಕಿ ಚಿಮ್ಮುವಂಥದು ಎಂದು ಅದರ ಭಾವ. ಒಂದು ಬುಗ್ಗೆಯ ಅಂಕಿತನಾಮವು ಇಂಗ್ಲಿಷಿನ ಮೂಲಕ ಲೋಕದ ಚಿಮ್ಮುಬುಗ್ಗೆಗಳಿಗೆಲ್ಲ ರೂಢನಾಮವಾಗಿ, ಕಡೆಗೆ ನಮ್ಮ ಬಚ್ಚಲನ್ನೂ ಹೊಕ್ಕಿತು.

ಆ ದ್ವೀಪವೇ ಐಸ್‌ಲೆಂಡ್. ವಿಸ್ತಾರ ಸುಮಾರು ೧,೦೩,೦೦೦ ಚದರ ಕಿಲೋಮೀಟರ್; ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷವನ್ನೂ ಮುಟ್ಟದು; ನಮ್ಮ ದಾವಣಗೆರೆ ನಗರವೊಂದರಲ್ಲೇ ಅದಕ್ಕಿಂತ ಹೆಚ್ಚು ಜನ ವಾಸವಾಗಿದ್ದಾರೆ. ನೆಲದ ಹತ್ತರಲ್ಲೊಂದು ಪಾಲಿನಷ್ಟು ಭಾಗವನ್ನು ಹಿಮನದಿಗಳು ಆವರಿಸಿಕೊಂಡಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ವಾಟ್ನಾಯೋಕುಲ್ ಎಂಬುದರ ಅಡಿಯಲ್ಲಿಯೇ ಹಲವು ಜ್ವಾಲಾಮುಖಿಗಳು ಅಡಗಿವೆ. ಹೆಸರು ಹಿಮದ್ದು, ಒಡಲು ಬೆಂಕಿಯದು. ಸರಾಸರಿ ನಾಲ್ಕೈದು ವರ್ಷಕ್ಕೊಮ್ಮೆ ಈ ನಾಡಿನಲ್ಲಿ ಎಲ್ಲಾದರೊಂದು ಕಡೆ ನೆಲ ಬಾಯ್ದೆರೆದು ಶಿಲಾರಸವನ್ನು ಕಾರುತ್ತದೆ. ಇಂಥ ಒಲೆಯ ಮೇಲೆ ಮನುಷ್ಯರು ಸಾವಿರ ವರ್ಷಕ್ಕೂ ಮಿಕ್ಕಿ ಮನೆ ಕಟ್ಟಿ, ಮಕ್ಕಳನ್ನು ಸಾಕಿ, ಕಥೆ ಕಾವ್ಯಗಳನ್ನು ಬರೆದು ಬಾಳಿರುವುದು ಹೇಗೆ? ಅಲ್ಲಿಗೆ ಹೋದ ಪ್ರವಾಸಿಯ ಮನಸ್ಸನ್ನು ಮೊದಲ ದಿನದಿಂದಲೇ ಕಾಡುವ ಪ್ರಶ್ನೆ ಇದು. ಅಲ್ಲಿನ ನೋಟಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದಕ್ಕೆ ಉತ್ತರ ಹೇಳುತ್ತವೆ.

ಬಿರಿದ ನೆಲದಲ್ಲಿ ಬಾಯಿಪಾಠದ ಕಾನೂನು

ರಾಜಧಾನಿಯಾದ ರೇಕ್ಯಾವಿಕ್‌ನಿಂದ ಒಂದು ಗಂಟೆಯ ಪ್ರಯಾಣ ಮಾಡಿದರೆ ಥಿಂಗ್‌ವೆಟ್ಲಿರ್ ಎಂಬ ಬಯಲು ಸಿಗುತ್ತದೆ. ಎಡಕ್ಕೆ ಕೋಟೆಯ ಗೋಡೆಯಂತೆ ನೆಟ್ಟಗೆ ನಿಂತ ಕರಿಯ ಬಂಡೆಗಳ ಸಾಲು; ಕೆಳಗೆ ಹುಲ್ಲುಗಾವಲು, ತಿಳಿನೀರಿನ ಹೊಳೆ, ಅದರಾಚೆಗೆ ವಿಶಾಲವಾದ ಸರೋವರ. ಭೂಮಿಯ ಚಿಪ್ಪು ಒಂದೇ ತುಂಡಾಗಿರದೆ ಹಲವು ಫಲಕಗಳಾಗಿ ಒಡೆದಿದೆಯೆಂಬುದನ್ನು ಶಾಲೆಯ ಮಕ್ಕಳೂ ಓದಿರುತ್ತಾರೆ. ಉತ್ತರ ಅಮೆರಿಕದ ಫಲಕವೂ ಯೂರೇಷ್ಯದ ಫಲಕವೂ ಒಂದನ್ನೊಂದು ಬಿಟ್ಟು ಸರಿಯುವ ಗೆರೆ ಸಾಗರದ ತಳದಲ್ಲಿ ಸಾವಿರಾರು ಮೈಲಿ ಹಾದುಹೋಗಿದೆ. ಆ ಗೆರೆ ನೀರಿನಿಂದ ಮೇಲೆದ್ದು ಮನುಷ್ಯನ ಕಾಲಿಗೆ ಸಿಗುವ ಅಪರೂಪದ ಜಾಗ ಐಸ್‌ಲೆಂಡ್. ಫಲಕಗಳು ಸರಿಯುವ ವೇಗ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್. ಒಂದು ತಲೆಮಾರು ಕಳೆಯುವಷ್ಟರಲ್ಲಿ ಎರಡು ಖಂಡಗಳ ನಡುವೆ ಒಂದು ಹೆಜ್ಜೆಯಷ್ಟು ಅಂತರ ಹೆಚ್ಚುತ್ತದೆ. ಹಾಗೆ ತೆರೆದ ಬಿರುಕುಗಳ ಮೂಲಕವೇ ಒಳಗಿನ ಕಾವು ಮೇಲಕ್ಕೆ ಬರುವುದು.

ವಿಚಿತ್ರವೆಂದರೆ, ಹೀಗೆ ಬಿರಿಯುತ್ತಿರುವ ನೆಲವನ್ನೇ ಆ ಜನ ಒಂದುಗೂಡುವ ತಾಣವಾಗಿ ಆರಿಸಿಕೊಂಡರು. ಕ್ರಿ. ಶ. ೯೩೦ರಲ್ಲಿ ಇಲ್ಲಿ ‘ಅಲ್ಥಿಂಗ್’ ಎಂಬ ಮಹಾಸಭೆ ಮೊದಲ ಬಾರಿಗೆ ನೆರೆಯಿತು. ಅಂದು ಅಲ್ಲಿ ರಾಜನಿರಲಿಲ್ಲ. ಕಾನೂನು ಇನ್ನೂ ಬರೆಹಕ್ಕಿಳಿದಿರಲಿಲ್ಲ. ಪ್ರತಿ ಬೇಸಗೆಯಲ್ಲಿಯೂ ನಾಡಿನ ಮೂಲೆಮೂಲೆಗಳಿಂದ ಕುದುರೆಯೇರಿ ಬಂದ ಜನರ ಮುಂದೆ, ಕಾನೂನನ್ನು ಕಂಠಸ್ಥ ಮಾಡಿಕೊಂಡ ಹಿರಿಯನೊಬ್ಬನು ಬಂಡೆಯ ಮೇಲೆ ನಿಂತು, ಮೂರು ವರ್ಷಕ್ಕೆ ಪೂರ್ತಿಯಾಗುವಂತೆ ವರ್ಷಕ್ಕೆ ಮೂರರಲ್ಲೊಂದು ಪಾಲನ್ನು ಗಟ್ಟಿಯಾಗಿ ಹೇಳುತ್ತಿದ್ದನು. ಹಿಂದಿರುವ ಬಂಡೆಯ ಗೋಡೆ ಅವನ ದನಿಯನ್ನು ಎತ್ತಿ ಕೊಡುತ್ತಿತ್ತು. ೧೯೪೪ರ ಜೂನ್ ೧೭ರಂದು ಐಸ್‌ಲೆಂಡ್ ತಾನು ಗಣರಾಜ್ಯವೆಂದು ಸಾರಿದುದೂ ಇದೇ ಬಯಲಿನಲ್ಲಿ. ೨೦೦೪ರಲ್ಲಿ ಇದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ಕಡೆಯುವ ನೀರು

ಅಲ್ಲಿಂದ ಮುಂದೆ ಮತ್ತೊಂದು ಗಂಟೆಯ ದಾರಿ. ದೂರದಿಂದಲೇ ಹಬೆಯ ಬಿಳಿಯ ಸೆರಗುಗಳು ಕಾಣತೊಡಗುತ್ತವೆ. ಅದಕ್ಕಿಂತ ಮೊದಲು ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ನೆಲವೆಲ್ಲ ಹಳದಿ, ಕೆಂಪು, ಬೂದು ಬಣ್ಣಗಳ ಪದರ. ಹೆಸರನ್ನು ಲೋಕಕ್ಕೆ ದಾನ ಮಾಡಿದ ಮೂಲ ಗೇಸಿರ್ ಇಂದು ಮುದಿತನದ ಮೌನದಲ್ಲಿದೆ. ಎಚ್ಚರಗೊಳ್ಳುವುದು ಬಲು ಅಪರೂಪ. ಒಂದು ಕಾಲಕ್ಕೆ ಅದನ್ನು ಕೆರಳಿಸಲು ಬಾಯಿಗೆ ಸಾಬೂನು ಸುರಿಯುವ ರೂಢಿಯಿತ್ತು. ಪ್ರಕೃತಿಗೆ ಅಪಚಾರವೆಂದು ಈಗ ಅದನ್ನು ಕೈಬಿಟ್ಟಿದ್ದಾರೆ. ಆದರೆ ಪಕ್ಕದಲ್ಲೇ ಇರುವ ಸ್ಟ್ರೋಕ್ಕುರ್ ಯಾರನ್ನೂ ನಿರಾಶೆಗೊಳಿಸದು. ಆ ಹೆಸರಿನ ಅರ್ಥ ಬೆಣ್ಣೆ ಕಡೆಯುವ ಪಾತ್ರೆ ಎಂದು. ಆರರಿಂದ ಹತ್ತು ನಿಮಿಷಕ್ಕೊಮ್ಮೆ ಅದು ಕಡೆದು ಉಕ್ಕುತ್ತದೆ.

ಇದರ ಮರ್ಮವನ್ನು ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ಬಲ್ಲವರು ಸುಲಭವಾಗಿ ಗ್ರಹಿಸಬಲ್ಲರು. ಕೊಳವೆಯಂಥ ಆಳವಾದ ರಂಧ್ರದಲ್ಲಿ ನೀರು ನಿಂತಿದೆ. ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಅದುಮಿ ಹಿಡಿದಿರುವುದರಿಂದ ಅದು ೧೦೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೂ ಕುದಿಯದು. ಕಾವು ಮಿತಿಮೀರಿದಾಗ ಆವಿಯ ಗುಳ್ಳೆಗಳೆದ್ದು ಮೇಲಿನ ನೀರನ್ನು ತುಸು ಹೊರಚೆಲ್ಲುತ್ತವೆ. ಭಾರ ಇಳಿದೊಡನೆ ಆಳದ ನೀರೆಲ್ಲ ಒಂದೇ ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡುತ್ತಿರುವಂತೆಯೇ ಕೊಳದ ನೀರು ಒಮ್ಮೆ ತಗ್ಗಿ, ಮರುಕ್ಷಣ ನೀಲಿಯ ಗಾಜಿನ ಗುಮ್ಮಟದಂತೆ ಉಬ್ಬಿ, ಆ ಗುಮ್ಮಟ ಒಡೆದು ಐವತ್ತು ಅರವತ್ತು ಅಡಿ ಎತ್ತರಕ್ಕೆ ನೀರಿನ ಕಂಬ ಏಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಗಾಳಿ ತಿರುಗಿದ ಕಡೆ ನಿಂತವರು ತೊಯ್ದು ಓಡುತ್ತಾರೆ.

ಈ ಕಾವು ನೋಟಕ್ಕಷ್ಟೇ ಮೀಸಲಲ್ಲ. ಲೋಗರ್‌ವಾಟ್ನ್ ಸರೋವರದ ದಡದಲ್ಲಿ ರೈ ಹಿಟ್ಟಿನ ಕಣಕವನ್ನು ಪಾತ್ರೆಗೆ ತುಂಬಿ, ಬಿಸಿ ಮರಳಿನಲ್ಲಿ ಹೂಳಿ, ಒಂದು ಹಗಲು ಒಂದು ಇರುಳು ಕಳೆದ ಮೇಲೆ ಅಗೆದು ತೆಗೆಯುತ್ತಾರೆ. ಕಂದು ಬಣ್ಣದ, ತುಸು ಸಿಹಿಯಾದ ಆ ರೊಟ್ಟಿಗೆ ಬೆಣ್ಣೆ ಸವರಿ ತಿನ್ನುವುದು ವಾಡಿಕೆ. ಸೌದೆಯಿಲ್ಲ, ಹೊಗೆಯಿಲ್ಲ, ಊದುಕೊಳವೆಯ ಕಾಟವಂತೂ ಮೊದಲೇ ಇಲ್ಲ.

ಗೇಸಿರ್‌ನಿಂದ ಸ್ವಲ್ಪವೇ ದೂರದಲ್ಲಿ ಹ್ವೀಟಾ ನದಿ ಎರಡು ಮೆಟ್ಟಿಲುಗಳಲ್ಲಿ ನೂರಕ್ಕೂ ಹೆಚ್ಚು ಅಡಿ ಆಳದ ಕಮರಿಗೆ ಧುಮುಕುತ್ತದೆ. ‘ಗುಟ್ಲ್‌ಫೋಸ್’, ಎಂದರೆ ಹೊನ್ನಿನ ಜಲಪಾತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಜಲಪಾತವನ್ನು ವಿದ್ಯುತ್ತಿಗಾಗಿ ಕಟ್ಟಿಹಾಕುವ ಯೋಜನೆ ಹುಟ್ಟಿಕೊಂಡಿತ್ತು. ಪಕ್ಕದ ಬ್ರಾಟ್‌ಹೋಲ್ಟ್ ಎಂಬ ಹೊಲಮನೆಯ ರೈತನ ಮಗಳು ಸಿಗ್ರಿದುರ್ ತೋಮಸ್‌ದೋತ್ತಿರ್ ಇದನ್ನು ವಿರೋಧಿಸಿ ನಿಂತಳು. (ಆ ನಾಡಿನಲ್ಲಿ ಮನೆತನದ ಹೆಸರಿನ ಪದ್ಧತಿ ಕಡಮೆ, ತೋಮಸ್‌ದೋತ್ತಿರ್ ಎಂದರೆ ತೋಮಸನ ಮಗಳು ಎಂದಷ್ಟೇ.) ನೂರಾರು ಕಿಲೋಮೀಟರ್ ನಡೆದು ರಾಜಧಾನಿಯ ಕಚೇರಿಗಳ ಬಾಗಿಲು ತಟ್ಟಿದಳು. ಕಟ್ಟೆ ಕಟ್ಟಿದರೆ ತಾನು ಜಲಪಾತಕ್ಕೆ ಹಾರುವೆನೆಂದಳೆಂದು ಜನ ಇಂದಿಗೂ ಹೇಳುತ್ತಾರೆ. ಅವಳ ಪರವಾಗಿ ಹೋರಾಡಿದ ವಕೀಲ ಸ್ವೇನ್ ಬ್ಯೋರ್ನ್‌ಸನ್ನರೇ ಮುಂದೆ ಆ ದೇಶದ ಮೊದಲ ಅಧ್ಯಕ್ಷರಾದರು. ಯೋಜನೆ ಕೈಗೂಡಲಿಲ್ಲ. ೧೯೫೭ರಲ್ಲಿ ಸಿಗ್ರಿದುರ್ ತೀರಿಕೊಂಡಳು. ಜಲಪಾತದ ಮೇಲ್ಗಡೆ ಅವಳ ಮುಖವನ್ನು ಕೆತ್ತಿದ ಕಲ್ಲು ನಿಂತಿದೆ. ನೆಲದಿಂದ ಏನನ್ನೆಲ್ಲ ಪಡೆಯಬಹುದೆಂದು ಲೆಕ್ಕ ಹಾಕುವ ಜನರ ನಡುವೆ, ಏನನ್ನು ಪಡೆಯಬಾರದೆಂದು ಹೇಳಿದವಳು ಅವಳು.

ಊರನ್ನು ಕಾಯಿಸುವ ನೆಲ

ರೇಕ್ಯಾವಿಕ್ ಎಂದರೆ ಹೊಗೆಯ ಕೊಲ್ಲಿ. ಒಂಬತ್ತನೆಯ ಶತಮಾನದಲ್ಲಿ ನಾರ್ವೆಯಿಂದ ಬಂದು ಇಲ್ಲಿ ನೆಲೆಸಿದ ಇಂಗೋಲ್ಫುರ್ ಅರ್ನರ್‌ಸನ್ ಬಿಸಿಬುಗ್ಗೆಗಳ ಹಬೆಯನ್ನು ಕಂಡು ಈ ಹೆಸರಿಟ್ಟನೆಂಬುದು ಪ್ರತೀತಿ. ಚಳಿಗಾಲದ ನಡುವಿನಲ್ಲಿ ಈ ಊರಿಗೆ ದಿನಕ್ಕೆ ನಾಲ್ಕೇ ಗಂಟೆಗಳ ಮಂಕು ಬೆಳಕು. ಅಂಥಲ್ಲಿ ಮನೆಯನ್ನು ಬೆಚ್ಚಗಿಡುವುದು ಪ್ರಾಣದ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪರದೇಶದ ಕಲ್ಲಿದ್ದಲಿನಿಂದ ಈ ಕೆಲಸ ನಡೆಯುತ್ತಿತ್ತು. ಊರಿನ ಮೇಲೆ ನಿಜವಾಗಿಯೂ ಕರಿಯ ಹೊಗೆ ಕವಿದಿರುತ್ತಿತ್ತು.

ಊರಿನಿಂದ ಸುಮಾರು ಮೂರು ಕಿಲೋಮೀಟರ್ ದೂರದ ಬುಗ್ಗೆಗಳಿಗೆ ಹೆಂಗಸರು ಮೈಲಿಗೆಬಟ್ಟೆಗಳ ಹೊರೆ ಹೊತ್ತು ಒಗೆಯಲು ಹೋಗುತ್ತಿದ್ದರು. ಹಿಮ ಸುರಿಯಲಿ, ಗಾಳಿ ಬೀಸಲಿ, ನಡೆದೇ ಹೋಗಬೇಕು. ಒದ್ದೆ ಬಟ್ಟೆಯ ಇಮ್ಮಡಿ ಭಾರ ಹೊತ್ತು ನಡೆದೇ ಬರಬೇಕು. ಅವರು ನಡೆದ ಜಾಡೇ ಇಂದು ರಾಜಧಾನಿಯ ಮುಖ್ಯ ಪೇಟೆಬೀದಿ. ‘ಲೋಗಾವೇಗುರ್’, ಬುಗ್ಗೆಯ ಹಾದಿ, ಎಂಬ ಹೆಸರು ಆ ಹೊರೆಯ ನೆನಪನ್ನು ಹೊತ್ತುಕೊಂಡಿದೆ. ೧೯೩೦ರಲ್ಲಿ ಅದೇ ಬುಗ್ಗೆಗಳ ಬಳಿಯ ಬಿಸಿನೀರನ್ನು ಕೊಳವೆಗಳಲ್ಲಿ ಊರಿಗೆ ತಂದು ಒಂದು ಶಾಲೆಯನ್ನೂ ಕೆಲವು ಮನೆಗಳನ್ನೂ ಬೆಚ್ಚಗೆ ಮಾಡಿದರು. ೧೯೭೦ರ ದಶಕದಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಈ ಕಾರ್ಯ ದೇಶದಾದ್ಯಂತ ಹಬ್ಬಿತು. ಈಗ ಐಸ್‌ಲೆಂಡಿನ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಭೂಮಿಯ ಕಾವೇ ಆಸರೆ. ನೆಸ್ಯಾವೆಟ್ಲಿರ್ ಎಂಬಲ್ಲಿಂದ ೨೭ ಕಿಲೋಮೀಟರ್ ಕೊಳವೆಯಲ್ಲಿ ಹರಿದುಬರುವ ನೀರು ದಾರಿಯಲ್ಲಿ ಎರಡು ಡಿಗ್ರಿಯಷ್ಟೂ ಆರುವುದಿಲ್ಲ. ಮನೆ ಬೆಚ್ಚಗೆ ಮಾಡಿ ಹೊರಬಂದ ನೀರನ್ನು ಹಲವು ಬೀದಿಗಳ ಕಾಲುದಾರಿಯ ಅಡಿಯಲ್ಲಿ ಹರಿಸಿ ಹಿಮ ಕರಗಿಸುತ್ತಾರೆ. ನಲ್ಲಿ ತಿರುಗಿಸಿದರೆ ಬಿಸಿನೀರಿನೊಡನೆ ಮೊಟ್ಟೆಯ ವಾಸನೆಯೂ ತುಸು ಬರುತ್ತದೆ. ಹೊಸಬರಿಗೆ ಎರಡು ದಿನ ಕಸಿವಿಸಿ, ಮೂರನೆಯ ದಿನಕ್ಕೆ ಅಭ್ಯಾಸ.

ಸಂಜೆಯಾದರೆ ಬಡಾವಣೆಯ ಜನವೆಲ್ಲ ಬಯಲಿನ ಬಿಸಿನೀರ ಕೊಳಗಳಲ್ಲಿ ಕುತ್ತಿಗೆವರೆಗೆ ಮುಳುಗಿ ಕುಳಿತಿರುತ್ತಾರೆ. ತಲೆಯ ಮೇಲೆ ಹಿಮ ಉದುರುತ್ತಿದ್ದರೂ ಲೆಕ್ಕಿಸರು. ಅಜ್ಜ, ಮೊಮ್ಮಗ, ಅಧಿಕಾರಿ, ಮೀನುಗಾರ ಎಂಬ ಭೇದವಿಲ್ಲದೆ ರಾಜಕೀಯದಿಂದ ಹಿಡಿದು ಮದುವೆ ಮುಂಜಿಯವರೆಗೆ ಮಾತು ಸಾಗುತ್ತದೆ. ನಮ್ಮ ಹಳ್ಳಿಗಳಿಗೆ ಅರಳಿಕಟ್ಟೆ ಹೇಗೋ ಅವರಿಗೆ ಈ ಕೊಳ ಹಾಗೆ. ನೆರೆಯ ಹ್ವೇರಾಗೆರ್ದಿ ಎಂಬ ಊರಿನಲ್ಲಿ ಗಾಜಿನ ಮನೆಗಳನ್ನು ನೆಲದ ಕಾವಿನಿಂದ ಬೆಚ್ಚಗಿಟ್ಟು ಟೊಮೆಟೊ, ಸೌತೆ, ಹೂಗಿಡಗಳನ್ನು ಬೆಳೆಯುತ್ತಾರೆ. ಬಾಳೆಯ ಗೊನೆಯೂ ಅಲ್ಲಿ ತೂಗಿದ್ದುಂಟು!

ಹಸುರು ಪಾಚಿಯ ಕೆಳಗೆ

ದೇಶವನ್ನು ಸುತ್ತುಗಟ್ಟಿದ ಹೆದ್ದಾರಿಯಲ್ಲಿ ದಕ್ಷಿಣದ ಕಡಲಂಚಿಗೆ ಇಳಿದರೆ ಇದ್ದಲಿನಂತೆ ಕರಿಯ ಮರಳಿನ ತೀರ. ರೇನಿಸ್‌ಫ್ಯಾರದಲ್ಲಿ ಬೆಟ್ಟದ ಮೈ ಷಟ್ಕೋನದ ಕಂಬಗಳನ್ನು ಜೋಡಿಸಿಟ್ಟಂತಿದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋದವರು ಇಂಥ ಕಂಬಗಳನ್ನು ಕಂಡೇ ಇರುತ್ತಾರೆ. ಎರಡೂ ಕಡೆ ಕಾರಣ ಒಂದೇ: ಕುದಿಯುವ ಶಿಲಾರಸ ಆರುತ್ತ ಕುಗ್ಗುವಾಗ ಹೀಗೆ ಸಾಲಾಗಿ ಸೀಳುತ್ತದೆ. ನಮ್ಮದು ಕೋಟ್ಯಂತರ ವರ್ಷಗಳ ಹಿಂದೆ ತಣ್ಣಗಾದ ಒಲೆ; ಅವರದು ಇನ್ನೂ ಉರಿಯುತ್ತಿರುವ ಒಲೆ.

ಇನ್ನೂ ಪೂರ್ವಕ್ಕೆ ಹೋದರೆ ಹೆದ್ದಾರಿಯ ಎರಡು ಬದಿಗೂ ದಿಂಬುಗಳನ್ನು ಹರಡಿದಂತೆ ದಪ್ಪನೆಯ ಪಾಚಿ ಬೆಳೆದ ಬಂಡೆಗಳ ಸಮುದ್ರ. ಎಲ್ಡ್‌ಹ್ರೌನ್ ಎಂದು ಅದರ ಹೆಸರು. ಆ ಮೃದುವಾದ ಹಸುರನ್ನು ಕಂಡು ಪ್ರವಾಸಿ ವಾಹನ ನಿಲ್ಲಿಸದಿರಲಾರ. ಅದರ ಮೇಲೆ ಕಾಲಿಡಬಾರದು. ಒಂದು ಹೆಜ್ಜೆಯ ಗುರುತು ಮಾಯಲು ದಶಕಗಳೇ ಬೇಕು. ಅದರ ಕೆಳಗಿರುವುದು ಐಸ್‌ಲೆಂಡಿನ ಚರಿತ್ರೆಯ ಅತ್ಯಂತ ಘೋರವಾದ ಅಧ್ಯಾಯ.

೧೭೮೩ರ ಜೂನ್ ೮ರಂದು ಲಾಕಿ ಎಂಬ ಬೆಟ್ಟದ ಬಳಿ ನೆಲ ಉದ್ದಕ್ಕೆ ಬಿರಿಯಿತು. ಬಿರುಕಿನ ಉದ್ದ ೨೫ ಕಿಲೋಮೀಟರಿಗೂ ಹೆಚ್ಚು. ಅದರ ಮೇಲೆ ನೂರಕ್ಕೂ ಮಿಕ್ಕಿದ ಬಾಯಿಗಳು. ಎಂಟು ತಿಂಗಳ ಕಾಲ ಶಿಲಾರಸ ಹರಿಯಿತು. ಆದರೆ ಜನರನ್ನು ಕೊಂದದ್ದು ಹೆಚ್ಚಾಗಿ ಬೆಂಕಿಯಲ್ಲ, ಗಾಳಿ. ಗಂಧಕದ ಆಮ್ಲವೂ ಫ್ಲೋರೀನೂ ಬೆರೆತ ಮಬ್ಬು ಹುಲ್ಲಿನ ಮೇಲಿಳಿಯಿತು. ಆ ಹುಲ್ಲನ್ನು ಮೇದ ಕುರಿ ದನಗಳು ಹಲ್ಲು ಮೂಳೆಗಳು ಕೆಟ್ಟು ಸತ್ತವು. ಕುರಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು, ದನಗಳಲ್ಲಿ ಅರ್ಧದಷ್ಟು ನಾಶವಾದುವು. ಹಿಂಬಾಲಿಸಿ ಬಂದ ಕ್ಷಾಮದಲ್ಲಿ ದೇಶದ ಐವರಲ್ಲಿ ಒಬ್ಬರು ಮಡಿದರು. ಅಲ್ಲಿನ ಭಾಷೆಯಲ್ಲಿ ಆ ಕಾಲಕ್ಕೆ ‘ಮಬ್ಬಿನ ಸಂಕಟ’ ಎಂಬ ಅರ್ಥದ ಹೆಸರೇ ನಿಂತಿದೆ. ಜುಲೈ ೨೦ರ ಭಾನುವಾರ ಶಿಲಾರಸ ಊರಿನತ್ತ ಬರುತ್ತಿದ್ದಾಗ ಪಾದ್ರಿ ಯೋನ್ ಸ್ಟೇನ್‌ಗ್ರಿಮ್‌ಸನ್ ಜನರನ್ನು ಚರ್ಚಿನೊಳಗೆ ಕೂಡಿಸಿ ಇದೇ ಕಡೆಯ ಪ್ರಾರ್ಥನೆಯೆಂಬಂತೆ ಪ್ರವಚನ ಮಾಡಿದರು. ಹೊರಬಂದು ನೋಡಿದಾಗ ಪ್ರವಾಹ ಊರಿನಿಂದಾಚೆಯೇ ನಿಂತಿತ್ತು. ಜನ ಅದನ್ನು ದೈವಕೃಪೆಯೆಂದು ನೆನೆದರು. ಆ ದಿನಗಳಲ್ಲಿ ಕಂಡುದನ್ನೆಲ್ಲ ಪಾದ್ರಿಗಳು ಬರೆದಿಟ್ಟದ್ದು ಇಂದಿಗೂ ವಿಜ್ಞಾನಿಗಳಿಗೆ ಆಧಾರವಾಗಿದೆ.

ಆ ಮಬ್ಬು ಯೂರೋಪನ್ನೆಲ್ಲ ಕವಿಯಿತು. ಆಗ ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ನರು ಅದನ್ನು ಗಮನಿಸಿ, ಐಸ್‌ಲೆಂಡಿನ ಜ್ವಾಲಾಮುಖಿ ಇದಕ್ಕೆ ಕಾರಣವಿದ್ದೀತೆಂದು ಊಹಿಸಿದರು. ಲಾಕಿಯ ಗಂಧಕವು ಆ ವರ್ಷ ಆಫ್ರಿಕದ ಮತ್ತು ಭಾರತದ ಮಳೆಗಾಲವನ್ನೂ ದುರ್ಬಲಗೊಳಿಸಿತೆಂದು ಹವಾಮಾನ ವಿಜ್ಞಾನಿಗಳು ಈಚೆಗೆ ಲೆಕ್ಕ ಹಾಕಿದ್ದಾರೆ. ದೂರದ ದ್ವೀಪವೊಂದರ ಬಿರುಕಿಗೂ ನಮ್ಮ ಮುಂಗಾರಿಗೂ ನಂಟಿದೆಯೆಂದು ಅಂದು ಯಾರು ತಾನೆ ಕನಸು ಕಂಡಿದ್ದರು?

ಮನೆಯನ್ನು ನುಂಗಿದ ಬೆಂಕಿಯೇ ಮನೆಯನ್ನು ಕಾಯಿಸಿತು

ದಕ್ಷಿಣದ ಕಡಲಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ವೆಸ್ಟ್‌ಮನ್ ದ್ವೀಪಗಳಿವೆ. ಅವುಗಳಲ್ಲಿ ಜನವಸತಿಯಿರುವುದು ಹೈಮೇ ಒಂದೇ. ಆ ಹೆಸರಿನಲ್ಲಿಯೇ ‘ಮನೆ’ ಎಂಬ ಮಾತಿದೆ. ೧೯೭೩ರ ಜನವರಿ ೨೩, ನಡುರಾತ್ರಿ ಕಳೆದು ಸುಮಾರು ಎರಡು ಗಂಟೆ. ಊರಿನ ಮೂಡಣ ಅಂಚಿನಲ್ಲಿ, ಮನೆಗಳಿಂದ ಕೂಗಳತೆಯಲ್ಲಿ, ನೆಲ ಸೀಳಿ ಬೆಂಕಿಯ ಪರದೆ ಎದ್ದಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುಗಾರರ ದೋಣಿಗಳೆಲ್ಲ ಅದೃಷ್ಟವಶಾತ್ ಬಂದರಿನಲ್ಲೇ ತಂಗಿದ್ದುವು. ಸುಮಾರು ೫,೩೦೦ ಜನ, ಮಲಗಿದ್ದ ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಬೆಳಗಾಗುವುದರೊಳಗೆ ಹೆಚ್ಚುಕಡಮೆ ಎಲ್ಲರೂ ಕಡಲು ದಾಟಿ ಹೊರಟರು.

ಐದು ತಿಂಗಳು ಬೆಂಕಿ ಆರಲಿಲ್ಲ. ಸುಮಾರು ನಾನೂರು ಮನೆಗಳು ಶಿಲಾರಸದಲ್ಲಿಯೂ ಬೂದಿಯಲ್ಲಿಯೂ ಅಳಿದುವು. ಒಬ್ಬ ವ್ಯಕ್ತಿ ವಿಷಾನಿಲಕ್ಕೆ ಬಲಿಯಾದನು. ಎಲ್ಲಕ್ಕಿಂತ ದೊಡ್ಡ ಭೀತಿ ಬಂದರಿನದು. ಶಿಲಾರಸ ಅದರ ಬಾಯಿಯನ್ನು ಮುಚ್ಚಿದರೆ ಊರಿನ ಅನ್ನವೇ ಮುಚ್ಚಿದಂತೆ. ಆಗ ಥೋರ್‌ಬ್ಯೋರ್ನ್ ಸಿಗುರ್‌ಗೇರ್ಸನ್ ಎಂಬ ಭೌತವಿಜ್ಞಾನಿ ಒಂದು ಉಪಾಯ ಸೂಚಿಸಿದರು: ಕಡಲಿನ ನೀರನ್ನೇ ಎತ್ತಿ ಶಿಲಾರಸದ ಮೂತಿಗೆ ಸುರಿಯಬೇಕು, ಮೂತಿ ಗಟ್ಟಿಯಾದರೆ ಹಿಂದಿನದು ಬೇರೆಡೆಗೆ ತಿರುಗುತ್ತದೆ. ಕೇಳಿದವರು ನಕ್ಕಿರಲೂಬಹುದು. ಆದರೆ ಹಡಗುಗಳಿಂದಲೂ ದೊಡ್ಡ ಪಂಪುಗಳಿಂದಲೂ ತಿಂಗಳುಗಟ್ಟಲೆ ಸುಮಾರು ಅರುವತ್ತು ಲಕ್ಷ ಟನ್ ಉಪ್ಪುನೀರು ಸುರಿಯಿತು. ಬಂದರು ಉಳಿಯಿತು. ಅಷ್ಟೇ ಅಲ್ಲ, ಪ್ರವಾಹ ಅದರ ಮುಂದೆ ಗೋಡೆಯಂತೆ ನಿಂತು, ಅದು ಮೊದಲಿಗಿಂತ ಒಳ್ಳೆಯ ಆಸರೆಯ ತಾಣವಾಯಿತು.

ಜುಲೈ ತಿಂಗಳಲ್ಲಿ ಬೆಂಕಿ ಶಾಂತವಾದ ಮೇಲೆ ಜನ ಮರಳಿ ಬರತೊಡಗಿದರು. ಬೂದಿಯನ್ನು ಗುದ್ದಲಿಯಿಂದ ತೋಡಿ ತಮ್ಮ ಬಾಗಿಲುಗಳನ್ನು ಹುಡುಕಿಕೊಂಡರು. ಬಳಿಕ ಮಾಡಿದ ಕೆಲಸ ಪುರಾಣದ ಕಥೆಯಂತಿದೆ. ಹೊರಗೆ ಗಟ್ಟಿಯಾಗಿ ಒಳಗೆ ಕೆಂಡವಾಗಿದ್ದ ಆ ಶಿಲಾರಾಶಿಯ ಮೇಲೆ ನೀರಿಳಿಸಿ, ಏಳುವ ಹಬೆಯನ್ನು ಕೊಳವೆಗಳಲ್ಲಿ ಹಿಡಿದು, ಉಳಿದ ಮನೆಗಳನ್ನು ಬೆಚ್ಚಗೆ ಮಾಡಿಕೊಂಡರು. ಹತ್ತು ವರ್ಷಕ್ಕೂ ಮಿಕ್ಕಿ ಹಾಗೆ ನಡೆಯಿತು. ನೆರೆಯವನ ಮನೆಯನ್ನು ನುಂಗಿದ ಬೆಂಕಿಯ ಕಾವಿನಲ್ಲಿ ತನ್ನ ಮಗುವನ್ನು ಮಲಗಿಸಿದ ತಾಯಿಯ ಮನಸ್ಸಿನಲ್ಲಿ ಕೃತಜ್ಞತೆಯಿತ್ತೋ ಸಂಕಟವಿತ್ತೋ! ಪ್ರಾಯಶಃ ಎರಡೂ ಇದ್ದುವು.

ಗೋಡೆಯ ಎರಡು ಬದಿ

ವಿಮಾನ ಹಿಡಿಯಲು ಪ್ರವಾಸಿಗರು ಕಡೆಗೆ ಬರುವುದು ನೈಋತ್ಯದ ರೇಕ್ಯಾನೆಸ್ ಪರ್ಯಾಯದ್ವೀಪಕ್ಕೆ. ‘ನೀಲ ಕೊಳ’ ಎಂದು ಜಗತ್ತಿಗೆಲ್ಲ ಪರಿಚಿತವಾದ ಸ್ನಾನತಾಣ ಇಲ್ಲಿದೆ. ಹಾಲು ಬೆರೆಸಿದಂಥ ನೀಲಿ ನೀರು, ಸುತ್ತ ಕರಿಯ ಕಲ್ಲು. ಇದು ಪ್ರಕೃತಿ ತಾನಾಗಿ ನಿರ್ಮಿಸಿದ ಕೊಳವೆಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವವಾಗಿ ೧೯೭೬ರಲ್ಲಿ ಆರಂಭವಾದ ಸ್ವಾರ್ಟ್ಸೆಂಗಿ ಸ್ಥಾವರವು ಬಳಸಿ ಬಿಟ್ಟ ನೀರು ಕಲ್ಲುನೆಲದಲ್ಲಿ ತಂಗಿ ಉಂಟಾದುದು ಅದು. ನೀರಿನಲ್ಲಿರುವ ಸಿಲಿಕವೇ ಆ ಬಣ್ಣಕ್ಕೆ ಕಾರಣ. ಆ ಸ್ಥಾವರ ವಿದ್ಯುತ್ತನ್ನೂ, ಪರ್ಯಾಯದ್ವೀಪದ ಊರುಗಳಿಗೆ ಬಿಸಿನೀರನ್ನೂ ಒದಗಿಸುತ್ತದೆ.

ಎಂಟುನೂರು ವರ್ಷಗಳ ನಿದ್ದೆಯ ಬಳಿಕ ೨೦೨೧ರಲ್ಲಿ ಈ ಪರ್ಯಾಯದ್ವೀಪದ ಬೆಂಕಿ ಎಚ್ಚತ್ತಿತು. ೨೦೨೩ರ ನವೆಂಬರ್ ೧೦ರಂದು ಹತ್ತಿರದ ಗ್ರಿಂದಾವಿಕ್ ಎಂಬ ಮೀನುಗಾರರ ಊರಿನ ಅಡಿಗೆ ಶಿಲಾರಸ ನುಗ್ಗಿ, ಎಡೆಬಿಡದೆ ನೆಲ ನಡುಗಿತು. ಸುಮಾರು ೩,೮೦೦ ಜನ ಆ ರಾತ್ರಿಯೇ ಊರು ಬಿಟ್ಟರು. ೨೦೨೪ರ ಜನವರಿ ೧೪ರಂದು ಊರಿನ ಅಂಚಿನಲ್ಲಿ ಬಿರುಕು ಬಿಟ್ಟು ಮೂರು ಮನೆಗಳು ಸುಟ್ಟುವು. ಫೆಬ್ರವರಿ ೮ರಂದು ಶಿಲಾರಸ ಬಿಸಿನೀರಿನ ಮುಖ್ಯ ಕೊಳವೆಯನ್ನೇ ಮುರಿಯಿತು. ಕೊರೆಯುವ ಚಳಿಯಲ್ಲಿ ೨೦,೦೦೦ಕ್ಕೂ ಹೆಚ್ಚು ಜನರ ಮನೆಗಳು ಕೆಲವು ದಿನ ತಣ್ಣಗಾದುವು. ಬೆಂಕಿಯೇ ಬಂದು ಒಲೆಯನ್ನು ಆರಿಸಿದ ವಿಪರ್ಯಾಸ ಅದು. ಸರ್ಕಾರ ಗ್ರಿಂದಾವಿಕ್ಕಿನ ಮನೆಗಳನ್ನು ಕೊಳ್ಳುವ ಏರ್ಪಾಡು ಮಾಡಿತು. ಹೆಚ್ಚಿನ ಕುಟುಂಬಗಳು ಬೇರೆಡೆ ನೆಲೆಗೊಂಡುವು. ಬೆಲೆ ಕೈಗೆ ಬಂದರೂ, ಮಕ್ಕಳು ಆಡಿದ ಅಂಗಳಕ್ಕೆ ಬೆಲೆ ಕಟ್ಟುವವರು ಯಾರು?

ಸ್ಥಾವರದ ಸುತ್ತ ಹಗಲಿರುಳೆನ್ನದೆ ಮಣ್ಣು ಕಲ್ಲುಗಳ ಎತ್ತರದ ಗೋಡೆ ಎಬ್ಬಿಸಿದರು. ಹೈಮೇಯಲ್ಲಿ ಕಲಿತಂತೆ ನೀರು ಸುರಿದೂ ನೋಡಿದರು. ಗೋಡೆಯ ಆಚೆ, ತಾಗಿಕೊಂಡಂತೆ, ಹೊಸ ಶಿಲಾರಸದ ಕರಿಯ ರಾಶಿ. ಕೆಲವೆಡೆ ಇನ್ನೂ ಹಬೆಯಾಡುತ್ತಿದ್ದುದನ್ನು ಬಂದವರು ಕಂಡಿದ್ದಾರೆ. ಗೋಡೆಯ ಈಚೆ, ಅದೇ ನೆಲದಿಂದ ಎತ್ತಿದ ಬಿಸಿನೀರು ಕೊಳವೆಗಳಲ್ಲಿ ಊರೂರಿಗೆ ಹರಿಯುತ್ತದೆ. ಬೆಂಕಿಯನ್ನು ಗೆದ್ದೆವೆಂದು ಆ ಜನ ಹೇಳಿಕೊಳ್ಳುವುದಿಲ್ಲ. ಅದಕ್ಕೆ ಹೆದರಿ ದ್ವೀಪವನ್ನು ತೊರೆಯಲೂ ಇಲ್ಲ. ನೆಲದ ಪ್ರತಿಯೊಂದು ನಡುಕವನ್ನೂ ಯಂತ್ರಗಳಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಗೋಡೆಯನ್ನು ಇನ್ನೂ ಕೆಲವು ಅಡಿ ಎತ್ತರಿಸುತ್ತಾರೆ, ಬಿಟ್ಟು ಹೊರಡಬೇಕಾದಾಗ ಹೊರಡುತ್ತಾರೆ. ಆ ರಾತ್ರಿ ಎಲ್ಲೋ ಒಂದು ಮನೆಯಲ್ಲಿ ಗ್ರಿಂದಾವಿಕ್ಕಿನಿಂದ ಬಂದ ಮಗುವಿಗೆ ತಾಯಿ ಬಿಸಿನೀರು ಹೊಯ್ಯುತ್ತಾಳೆ. ಆ ನೀರನ್ನು ಕಾಯಿಸಿದ ಬೆಂಕಿ ಯಾವುದೆಂದು ಅವಳಿಗೆ ತಿಳಿಯದ್ದೇನೂ ಅಲ್ಲ.